ಒಂದು ವಾರ ಕೊಳ್ಳದೇ ಇದ್ದರೆ ದೊಡ್ಡ ಕಂಪನಿ ಬಗ್ಗುತ್ತಾ?

ಅಮೆರಿಕದಲ್ಲಿ 2025ರ ಫೆಬ್ರವರಿ 28ರಂದು ಒಂದು ದಿನ ಏನೂ ಕೊಳ್ಳಬೇಡಿ ಅಂತ ಕರೆ ಕೊಟ್ಟಿದ್ದರಲ್ಲ, ಹಾಗೇ ನಾವೂ ನಮ್ಮ ಬಡಾವಣೆಯಲ್ಲಿ ಒಂದು ಕಂಪನಿಯ ಸಾಮಾನನ್ನ ಏಳು ದಿನ ಬಿಡೋಣ ಅಂತಿದ್ದೀವಿ, ಕರಪತ್ರ ಬರೆದಾಗಿದೆ, ಒಂದು ವಾರ ಸಾಕಾ ಎರಡು ವಾರ ಬೇಕಾ ಅಂತ ಕೇಳಿದ್ದೀರಿ. ನಿಮ್ಮ ಕರಪತ್ರದ ಸಾಲು ಓದಿ ನನಗೆ ಬೆವರು ಬಂತು. ಹೆಚ್ಚುಕಡಿಮೆ ಅದೇ ಸಾಲುಗಳನ್ನ ನಾನು 2019ರಲ್ಲಿ ಚಿಕ್ಕಮಗಳೂರಿನಲ್ಲಿ ಹಳದಿ ಕಾಗದದ ಮೇಲೆ ಸಾವಿರ ಪ್ರತಿ ಅಚ್ಚು ಹಾಕಿಸಿದ್ದೆ.

ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಆಲ್ದೂರಿನ ಕಡೆ ಅಪ್ಪನಿಂದ ಬಂದ ಮೂರೆಕರೆ ಕಾಫಿ ತೋಟವೂ ಇದೆ. ಆ ವರ್ಷ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ ಒಂದು ಡಾಲರಿಗಿಂತ ಕೆಳಗೆ ಬಿದ್ದಿತ್ತು. ಕೊಯ್ಲಿನ ಕೂಲಿ, ಗೊಬ್ಬರದ ಬಾಕಿ ತೀರಿಸಿದರೆ ಮೂಟೆ ಮಾರಿದ ದುಡ್ಡು ಅಲ್ಲಿಗಲ್ಲಿಗೆ. ಅದರ ಮೇಲೆ ಆಗಸ್ಟಿನ ಮಳೆಗೆ ಮೂಡಿಗೆರೆ ಕಡೆ ಗುಡ್ಡಗಳೇ ಜರಿದವು. ಇಷ್ಟಾದರೂ ದಿಢೀರ್ ಕಾಫಿ ಮಾರುವ ಒಂದು ದೊಡ್ಡ ಕಂಪನಿ, ಹೆಸರು ಬೇಡ, ತನ್ನ ಪ್ಯಾಕೆಟ್ಟಿನ ಬೆಲೆ ಒಂದು ಪೈಸೆ ಇಳಿಸಲಿಲ್ಲ. ಬೀಜ ಕೊಡುವ ನಮ್ಮ ಊರಲ್ಲೇ ಪೆಟ್ಟಿಗೆ ಅಂಗಡಿಯಿಂದ ಹಿಡಿದು ನಮ್ಮ ಸ್ಕೂಲಿನ ಸ್ಟಾಫ್ ರೂಮಿನವರೆಗೆ ಅದರದ್ದೇ ಸ್ಯಾಷೆ ನೇತಾಡುತ್ತಿತ್ತು. ನನಗೆ ಉರಿದುಹೋಯಿತು.

ಐದಾರು ಜನ ಗೆಳೆಯರು ಸೇರಿ ಬಹಿಷ್ಕಾರ ಅಂತ ತೀರ್ಮಾನಿಸಿದೆವು. ಸೆಪ್ಟೆಂಬರ್ 24ರಿಂದ 30, ಏಳೇ ದಿನ. ಅಕ್ಟೋಬರ್ 1 ಅಂತರರಾಷ್ಟ್ರೀಯ ಕಾಫಿ ದಿನ, ಅವತ್ತು ಆಜಾದ್ ಪಾರ್ಕಿನಲ್ಲಿ ಎಲ್ಲರಿಗೂ ಫಿಲ್ಟರ್ ಕಾಫಿ ಕೊಟ್ಟು ಮುಗಿಸೋದು. ತಾರೀಖು ನನ್ನದೇ ಐಡಿಯಾ. "ಏಳು ದಿನ ಅಂದ್ರೆ ಯಾರೂ ಇಲ್ಲ ಅನ್ನಲ್ಲ, ತಿಂಗಳು ಅಂದ್ರೆ ಯಾರೂ ಹೂಂ ಅನ್ನಲ್ಲ" ಅಂತ ನಾನೇ ವಾದ ಮಾಡಿ ಗೆದ್ದಿದ್ದೆ. ಗೆದ್ದ ಆ ವಾದವೇ ನನ್ನನ್ನ ಮುಳುಗಿಸಿತು. ಹೇಗೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಸರ ಮಾಡ್ಕೋಬೇಡಿ.

ಎಂ.ಜಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಶೆಟ್ರ ಕಾಫಿಪುಡಿ ಅಂಗಡಿ. ನಮ್ಮಪ್ಪನ ಕಾಲದಿಂದ ಅಲ್ಲೇ ನಮ್ಮ ಪುಡಿ. ಗಿರಾಕಿ ಬಂದು ನಿಂತ ಮೇಲೆ ಬೀಜ ತೂಗಿ, ಚಿಕೋರಿ ಎಷ್ಟು ಅಂತ ಕೇಳಿ, ಕಣ್ಣೆದುರಿಗೇ ಮಿಷನ್ನಿಗೆ ಹಾಕಿ, ಬೆಚ್ಚಗಿರುವಾಗಲೇ ಕವರಿಗೆ ತುಂಬಿ ಕೊಡುವವರು. (ಕಾನೂನು ಚಿಕೋರಿಯನ್ನ ಶೇ 49ರವರೆಗೂ ಬೆರೆಸಬಹುದು ಅನ್ನುತ್ತೆ. ಶೆಟ್ರು 20 ದಾಟಿದರೆ ಮುಖ ಸಿಂಡರಿಸ್ತಾರೆ.) ಅವರ ಹತ್ತಿರ ಹೋಗಿ ಹೇಳಿದೆ, ಆ ವಾರ ಜನ ನಿಮ್ಮಲ್ಲಿಗೆ ನುಗ್ಗುತ್ತಾರೆ, ಕ್ಯೂ ನಿಂತರೆ ವಾಪಸ್ ಹೋಗಿಬಿಡ್ತಾರೆ, ಮೊದಲೇ ಪುಡಿ ಮಾಡಿ ಕಾಲು ಕೆಜಿ ಪ್ಯಾಕ್ ಕಟ್ಟಿಡಿ ಅಂತ.

"ಎಷ್ಟು ಕಟ್ಟಲಿ ಮೇಷ್ಟ್ರೇ?"

"ಮುನ್ನೂರು ಮನೆ ಅಂತ ಹಿಡೀರಿ. ಮನೆಗೆ ಕಾಲು ಕೆಜಿ. ಎಪ್ಪತ್ತೈದು ಕೆಜಿ."

ಅವರು ಹುರಿಯೋ ಡ್ರಮ್ಮನ್ನೇ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪುಡಿ ಮಾಡಿದ್ದನ್ನ ವಾಪಸ್ ಬೀಜ ಮಾಡೋಕಾಗಲ್ಲ, ಗೊತ್ತಲ್ಲ" ಅಂದರು. ನಾನು ನಕ್ಕೆ. ಹಸಿಬೀಜವನ್ನ ತಿಂಗಳುಗಟ್ಟಲೆ ಇಡಬಹುದು, ಹುರಿದರೆ ವಾರದ ಲೆಕ್ಕ, ಪುಡಿ ಮಾಡಿದರೆ ದಿನದ ಲೆಕ್ಕ. ಕಾಫಿ ಬೆಳೆಯುವವನಿಗೆ ಇದು ಗೊತ್ತಿಲ್ಲದ ವಿಷಯವಾ? ಗೊತ್ತಿತ್ತು. ಏಳೇ ದಿನದಲ್ಲಿ ಖಾಲಿ ಆಗುತ್ತಲ್ಲ ಅನ್ನೋ ಧೈರ್ಯ.

24ನೇ ತಾರೀಖು ಮಂಗಳವಾರ ಬೆಳಿಗ್ಗೆ ಜನ ಬಂದರು, ಸುಳ್ಳು ಹೇಳಲ್ಲ. ಶಾಲೆಯ ಸಹೋದ್ಯೋಗಿಗಳು, ಬಸವನಹಳ್ಳಿ, ಕೋಟೆ ಕಡೆಯ ಪರಿಚಯದವರು. ಗುರುವಾರದ ಹೊತ್ತಿಗೆ ಅಂಗಡಿ ತಣ್ಣಗಾಯಿತು. ನನಗೆ ಅರ್ಥವಾಗಲಿಲ್ಲ. ಯಾರನ್ನ ಕೇಳಿದರೂ "ನಾವು ಒಂದು ಸ್ಯಾಷೆನೂ ತಂದಿಲ್ಲ ಮೇಷ್ಟ್ರೇ" ಅಂತಾರೆ. ಹಾಗಾದರೆ ಇವರೆಲ್ಲ ಕುಡೀತಿರೋದು ಏನು?

ಉತ್ತರ ನಮ್ಮನೆ ಅಡುಗೆಮನೆಯಲ್ಲೇ ಸಿಕ್ಕಿತು. ಶುಕ್ರವಾರ ರಾತ್ರಿ ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದರೆ ಎರಡು ಸರ ಸ್ಯಾಷೆ. "ಅಮ್ಮಾ, ಇದೇನು?" ಅಂದೆ. ನಮ್ಮಮ್ಮ ಮುಗ್ಧವಾಗಿ, "ಒಂದ್ ವಾರ ತರಬಾರದು ಅಂದ್ಯಲ್ಲೋ, ಅದಕ್ಕೇ ಸೋಮವಾರನೇ ತರಿಸಿಟ್ಟೆ" ಅಂದರು. ತರಬಾರದು ಅಂತ ತಾನೆ ನಾನು ಹೇಳಿದ್ದು! ಅವರು ತರಲಿಲ್ಲ. ಇಡೀ ಊರು ಪ್ರಾಮಾಣಿಕವಾಗಿ ತರಲಿಲ್ಲ, ಯಾಕೆಂದರೆ ಹಿಂದಿನ ದಿನವೇ ತಂದಿಟ್ಟುಕೊಂಡಿತ್ತು.

ಶನಿವಾರ ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಅದನ್ನ ನಾನು ಕ್ಯಾಲೆಂಡರಿನಲ್ಲಿ ನೋಡೇ ಇರಲಿಲ್ಲ. ಪಕ್ಕದ ಮನೆ ಅಕ್ಕ ಗೇಟಿನ ಹತ್ತಿರ ನಿಲ್ಲಿಸಿ, "ನಮ್ಮ ಮಾವ ಇದ್ದಾಗ ಅದೇ ಕಾಫಿ ಕುಡೀತಿದ್ರು, ಎಡೆಗೆ ಬೇರೆ ಇಡೋಕಾಗುತ್ತಾ? ತಪ್ಪು ತಿಳೀಬೇಡಿ" ಅಂದರು. ಸತ್ತವರಿಗೆ ಕರಪತ್ರ ಕೊಡೋದು ಹೇಗೆ? ಹೂಂ ಅಂದು ಒಳಗೆ ಬಂದೆ.

ಅಕ್ಟೋಬರ್ 1ಕ್ಕೆ ಆಜಾದ್ ಪಾರ್ಕಿನಲ್ಲಿ ಕಾಫಿ ಕೊಟ್ಟೆವು, ಫೋಟೋ ತೆಗೆಸಿಕೊಂಡೆವು. ಮಾರನೇ ದಿನ ಗಾಂಧಿ ಜಯಂತಿ. ಶಾಲೆಯ ಕಾರ್ಯಕ್ರಮ ಮುಗಿಸಿ ಬರುವಾಗ ಆ ಕಂಪನಿಯ ಡಿಸ್ಟ್ರಿಬ್ಯೂಟರ್ ಹತ್ತಿರ ಸೇಲ್ಸ್‌ಮನ್ ಆಗಿರುವ ಹುಡುಗ ಸಿಕ್ಕಿದ. ನನ್ನ ಹಳೇ ವಿದ್ಯಾರ್ಥಿ, ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಮೂವತ್ತೈದು ತೆಗೆದವನು. ಬೈಕ್ ನಿಲ್ಲಿಸಿ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಸಾರ್, ಬೈಬೇಡಿ. ನಿಮ್ಮ ದಯದಿಂದ ಈ ಸಲ ಟಾರ್ಗೆಟ್ ಆಯ್ತು."

ಹೇಗೋ ಅಂದೆ. ಅವನು ಬಿಡಿಸಿ ಹೇಳಿದ. ಅಂಗಡಿಯವರು ಕರಪತ್ರ ನೋಡಿದರು. 23ಕ್ಕೆ ಜನ ಮುಗಿಬಿದ್ದು ಒಯ್ದರು, ರ್‍ಯಾಕ್ ಖಾಲಿ. 30ಕ್ಕೆ ಬಹಿಷ್ಕಾರ ಮುಗಿಯುತ್ತೆ, ಆಮೇಲೆ ಮತ್ತೆ ಕೇಳ್ತಾರೆ ಅಂತ ಕರಪತ್ರದಲ್ಲೇ ಬರೆದಿದೆ. ಹಾಗಾಗಿ ಆ ವಾರದ ರೌಂಡಿನಲ್ಲೇ ಎಲ್ಲರೂ ಆರ್ಡರ್ ಹಾಕಿಬಿಟ್ಟರು. ಸೆಪ್ಟೆಂಬರ್ 30 ಅಂದ್ರೆ ತಿಂಗಳ ಕೊನೆ, ಕ್ವಾರ್ಟರಿನ ಕೊನೆ. ಕಂಪನಿ ಲೆಕ್ಕ ಹಾಕೋದು ನಮ್ಮ ಮನೆಯ ಲೋಟದಲ್ಲಲ್ಲ, ಡಿಪೋದಿಂದ ಹೊರಟ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ಎಂದಿನ ತಿಂಗಳಿಗಿಂತ ಜಾಸ್ತಿಯೇ ಹೊರಟಿತ್ತು. ಗಣಿತದ ಮೇಷ್ಟ್ರಿಗೆ ಮೂವತ್ತೈದರ ಹುಡುಗ ರಸ್ತೆ ಬದಿಯಲ್ಲಿ ಪಾಠ ಮಾಡಿದ.

ಈಗ ಆ ತಾರೀಖು ಏನೇನು ಮಾಡಿತು ನೋಡಿ. ಕೊನೆಯ ದಿನ ಹೇಳಿದ್ದರಿಂದ ಜನ ಮೊದಲೇ ತುಂಬಿಕೊಂಡರು. ಅಂಗಡಿಯವರು ಮಾಲು ವಾಪಸ್ ಕಳಿಸಲಿಲ್ಲ, ಏಳು ದಿನ ಹಿಂದಕ್ಕೆ ಸರಿಸಿಟ್ಟರು ಅಷ್ಟೆ. ಕಂಪನಿಗೆ ಹೆದರಿಕೆಯೇ ಇರಲಿಲ್ಲ, ಯಾವತ್ತು ಮುಗಿಯುತ್ತೆ ಅಂತ ನಾವೇ ಬರೆದು ಕೊಟ್ಟಿದ್ದೆವಲ್ಲ. ಆ ಏಳು ದಿನ ನಂಬಿ ಬೀಜ ಪುಡಿ ಮಾಡಿಟ್ಟವರು ಶೆಟ್ರೊಬ್ಬರೇ. ಮುನ್ನೂರು ಪ್ಯಾಕಿನಲ್ಲಿ ನೂರಾ ಎಂಬತ್ತು ಹಾಗೇ ಉಳಿದವು, ನಲವತ್ತೈದು ಕೆಜಿ. ಕೆಜಿಗೆ ಮುನ್ನೂರ ಅರವತ್ತರ ಪುಡಿ. ಹದಿನಾರು ಸಾವಿರದ ಇನ್ನೂರು ರೂಪಾಯಿ. ದೊಡ್ಡ ಕಂಪನಿಗೆ ಗೀರೂ ಆಗಲಿಲ್ಲ, ಪೆಟ್ಟು ಬಿದ್ದದ್ದು ನನ್ನ ಮಾತು ನಂಬಿದ ಒಬ್ಬ ಮನುಷ್ಯನಿಗೆ. ಎಂಟು ಸಾವಿರ ಒಯ್ದು ಕೊಟ್ಟೆ. ಅವರು ಎಣಿಸದೆ ಡ್ರಾಯರಿಗೆ ಹಾಕಿದರು. ಅದಾದ ಮೇಲೆ ಅವರು ಎಂದಿನ ಹಾಗೆ "ಬನ್ನಿ, ಕೂತ್ಕೊಳ್ಳಿ" ಅಂತ ಸ್ಟೂಲು ಎಳೆದು ಕೊಡೋಕೆ ಎರಡು ವರ್ಷವೇ ಹಿಡಿಯಿತು.

ಹಾಗಂತ ಬಹಿಷ್ಕಾರವೇ ದಂಡ ಅಂತ ನಾನು ಹೇಳಲ್ಲ. ಅಮೆರಿಕದ ಮಾಂಟ್‌ಗೊಮರಿ ಊರಿನಲ್ಲಿ ಬಸ್ಸಿನ ಸೀಟಿನಲ್ಲಿ ಬಿಳಿಯರು ಬೇರೆ, ಕಪ್ಪು ಜನರು ಬೇರೆ ಅನ್ನೋದನ್ನ ವಿರೋಧಿಸಿ ಕಪ್ಪು ಜನರು ಬಸ್ ಹತ್ತೋದನ್ನೇ ಬಿಟ್ಟರಲ್ಲ, ಅದೂ ಶುರುವಾಗಿದ್ದು ಒಂದೇ ದಿನಕ್ಕೆ. 1955ರ ಡಿಸೆಂಬರ್ 5, ಸೋಮವಾರ ಒಂದು ದಿನ ಬಸ್ ಹತ್ತಬೇಡಿ ಅಂತಲೇ ಕರಪತ್ರ ಹಂಚಿದ್ದರು. ಅವತ್ತು ಬಸ್ಸುಗಳು ಖಾಲಿ ಓಡಿದ್ದು ನೋಡಿ ಸಂಜೆ ಚರ್ಚಿನಲ್ಲಿ ಸಭೆ ಸೇರಿ, ಮುಂದುವರಿಸೋದು ಅಂತ ತೀರ್ಮಾನಿಸಿದರು. ಕೊನೆಯ ದಿನವನ್ನ ಅಳಿಸಿಹಾಕಿದರು. 381 ದಿನ ನಡೆಯಿತು. ಸುಮ್ಮನೆ ನಡೆದದ್ದೂ ಅಲ್ಲ, ಜನರನ್ನ ಕೆಲಸಕ್ಕೆ ಮುಟ್ಟಿಸೋಕೆ ಕಾರುಗಳ ವ್ಯವಸ್ಥೆ ಮಾಡಿಕೊಂಡಿದ್ದರು, ಕೋರ್ಟಿನಲ್ಲಿ ಕೇಸೂ ಹಾಕಿದ್ದರು. ಕಡೆಗೆ ಗೆಲ್ಲಿಸಿದ್ದು ಸುಪ್ರೀಂ ಕೋರ್ಟಿನ ತೀರ್ಪು.

ನಮಗೆ ಇನ್ನೂ ಹತ್ತಿರದ್ದು ಮೊರಾಕ್ಕೋ. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಜನ ಒಂದು ಹಾಲಿನ ಕಂಪನಿ, ಒಂದು ನೀರಿನ ಬಾಟಲಿ, ಒಂದು ಪೆಟ್ರೋಲ್ ಬಂಕಿನ ಕಂಪನಿ ಆರಿಸಿಕೊಂಡು, ಬೆಲೆ ಜಾಸ್ತಿ ಅಂತ ಅವರ ಹತ್ತಿರ ಕೊಳ್ಳೋದನ್ನೇ ಬಿಟ್ಟರು. ತಿಂಗಳುಗಟ್ಟಲೆ ಎಳೆಯಿತು. ಹಾಲಿನವರು ಫ್ರಾನ್ಸಿನ ದಾನೋನ್ ಕಂಪನಿ. ಅದರ ಮುಖ್ಯಸ್ಥರೇ ಆ ದೇಶಕ್ಕೆ ಹೋಗಿ ಜನರ ಜತೆ ಕೂತು ಮಾತಾಡಬೇಕಾಯಿತು, ಅದೇ ವರ್ಷ ಬೆಲೆ ಇಳಿಯಿತು. ಆದರೆ ನಡುವೆ ಕಂಪನಿ ರೈತರಿಂದ ಕೊಳ್ಳುವ ಹಾಲನ್ನ ಶೇ 30ರಷ್ಟು ಕಡಿತ ಮಾಡಿತು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವ ನಮ್ಮ ಕಡೂರು, ಅರಸೀಕೆರೆಯ ಜನರನ್ನ ಒಮ್ಮೆ ನೆನೆಸಿಕೊಳ್ಳಿ. ಉದ್ದದ ಬಹಿಷ್ಕಾರಕ್ಕೆ ಹಲ್ಲು ಇರುತ್ತೆ, ಆದರೆ ಅದು ಮೊದಲು ಕಚ್ಚೋದು ಯಾರನ್ನ ಅಂತ ಹೇಳೋಕಾಗಲ್ಲ. 2023ರಲ್ಲಿ ಅಮುಲ್ ಹಾಲು ಬೆಂಗಳೂರಿಗೆ ಬರುತ್ತೆ ಅಂದಾಗ ಅಲ್ಲಿನ ಹೋಟೆಲಿನವರು ನಂದಿನಿ ಮಾತ್ರ ಅಂತ ಘೋಷಿಸೋದು ಸುಲಭ ಇತ್ತು, ನಂದಿನಿ ಹೇಗೂ ದಿನಾ ಬೆಳಿಗ್ಗೆ ಬಾಗಿಲಿಗೆ ಬರ್ತಿತ್ತು. ಯಾರೂ ಹೊಸದಾಗಿ ಎಪ್ಪತ್ತೈದು ಕೆಜಿ ಪುಡಿ ಮಾಡಿಡಬೇಕಾಗಿರಲಿಲ್ಲ.

ಹಾಗಾಗಿ ನಿಮ್ಮ ಒಂದು ವಾರವಾ ಎರಡು ವಾರವಾ ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ, ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ನಿಮಗೆ ಏನು ಬೇಕು ಅಂತ ಒಂದು ಸಾಲಿನಲ್ಲಿ ಬರೀರಿ. ಆ ಸಾಲಿಗೆ ಹೂಂ ಅನ್ನುವ ಅಧಿಕಾರ ಆ ಕಂಪನಿಗೆ ಇದೆಯಾ ನೋಡಿ. ನನ್ನ ಕರಪತ್ರದಲ್ಲಿ "ಬೆಳೆಗಾರನಿಗೆ ನ್ಯಾಯ" ಅಂತಿತ್ತು. ಕಾಫಿ ದರ ನಿರ್ಧಾರವಾಗೋದು ನ್ಯೂಯಾರ್ಕ್, ಲಂಡನ್ನಿನಲ್ಲಿ, ನಮ್ಮ ದೇಶದ ಕಾಫಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಹೋಗೋದು ಹೊರದೇಶಕ್ಕೆ. ಆ ಕಂಪನಿ ಮನಸ್ಸು ಮಾಡಿದ್ದರೂ ನನ್ನ ಬೇಡಿಕೆಗೆ ಏನು ಕೊಡಬೇಕು ಅಂತ ಅದಕ್ಕೇ ಗೊತ್ತಾಗ್ತಿರಲಿಲ್ಲ. ಅದನ್ನ ಬಿಟ್ಟು ನಮ್ಮ ಸ್ಟಾಫ್ ರೂಮಿಗೆ ಸ್ಯಾಷೆ ಬೇಡ ಅಂತ ಹೆಡ್‌ಮೇಷ್ಟ್ರನ್ನ ಕೇಳಿದ್ದರೆ ಒಂದೇ ಮಾತಿಗೆ ಆಗ್ತಿತ್ತು. ಆಮೇಲೆ ಕೇಳಿದೆ, ಆಯಿತು. ಇವತ್ತಿಗೂ ಅಲ್ಲಿ ಶೆಟ್ರ ಪುಡಿಯೇ. ಅದಲ್ಲದೆ ಹದಿನಾಲ್ಕು ಮನೆಯವರು ಆ ವಾರ ಶೆಟ್ರ ಪುಡಿಯ ರುಚಿ ನೋಡಿ ವಾಪಸ್ ಸ್ಯಾಷೆಗೆ ಹೋಗಲೇ ಇಲ್ಲ.

ಕರಪತ್ರ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ ಅಂದಿದ್ದೀರಿ. "ಏಳು ದಿನ" ಅನ್ನೋದನ್ನ ಇವತ್ತೇ ಹೊಡೆದುಹಾಕಿ, ಬೇಡಿಕೆ ಈಡೇರುವ ತನಕ ಅಂತ ಬರೆದು ಮನೆಮನೆಗೆ ಸಹಿಗೆ ಹೋಗಿ. ಐದೇ ಮನೆ ಸಹಿ ಹಾಕಿದರೆ ನಿಮ್ಮ ಹತ್ತಿರ ಇರೋದು ಐದು ಮನೆ ಅಂತ ಗೊತ್ತಾಗುತ್ತೆ, ಮುನ್ನೂರು ಅಂತ ಯಾರಿಗೂ ಮಾತು ಕೊಡೋಕೆ ಹೋಗಲ್ಲ. ನಿಮ್ಮ ಮೂಲೆ ಅಂಗಡಿಯವರಿಗೆ ಬದಲಿ ಸಾಮಾನು ತರಿಸಿ ಅಂತ ಹೇಳೋದಾದರೆ ಅರ್ಧ ದುಡ್ಡು ಮೊದಲೇ ಕೈಗಿಟ್ಟು ಹೇಳಿ.

ಉಳಿದ ಪುಡಿ ಏನಾಯ್ತು ಅಂತ ಯಾರಾದರೂ ಕೇಳೇ ಕೇಳ್ತೀರಿ. ಘಮ ಹೋದದ್ದನ್ನ ಶೆಟ್ರು ಮಾರಲಿಲ್ಲ. ಸ್ವಲ್ಪ ಪರಿಚಯದವರಿಗೆ ಸುಮ್ಮನೆ ಕೊಟ್ಟರು, ಉಳಿದ ಎರಡು ಚೀಲವನ್ನ ನಾನೇ ಬೈಕಿನಲ್ಲಿ ಹೇರಿಕೊಂಡು ಹೋಗಿ ತೋಟದ ಗೊಬ್ಬರದ ಗುಂಡಿಗೆ ಸುರಿದೆ. ಡಿಸೆಂಬರಿನಲ್ಲಿ ಕೊಯ್ಲಿಗೆ ಬಂದ ಹೆಂಗಸರಲ್ಲಿ ಒಬ್ಬರು ಗುಂಡಿ ಹತ್ತಿರ ನಿಂತು ಮೂಗು ಎಳೆದುಕೊಂಡು, "ಇದೇನ್ರಯ್ಯಾ, ಇಲ್ಲಿ ಹೋಟ್ಲು ವಾಸ್ನೆ ಬರ್ತೈತೆ?" ಅಂದರು.