ಕೋಡಿಂಗ್ ಬಾರದವರು ಓಪನ್ ಸೋರ್ಸ್‌ಗೆ ಕೆಲಸ ಮಾಡಬಹುದಾ?

ಖಂಡಿತ ಮಾಡಬಹುದು. ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ಕೋಡ್ ನೋಡಿ ಬದಲಿಸಬಹುದಾದ ತಂತ್ರಾಂಶ. ಕನ್ನಡ ಚೆನ್ನಾಗಿ ಬಂದರೆ ಅಂಥದ್ದೇ ಆದ ಫೈರ್‌ಫಾಕ್ಸ್ ಬ್ರೌಸರಿನ ಅನುವಾದದಿಂದ ಶುರು ಮಾಡಿ. ಅದನ್ನು ರೂಪಿಸುವ ಮೊಜಿಲ್ಲಾದ ‘ಪಾಂಟೂನ್’ ಎಂಬ ಅನುವಾದ ತಾಣದಲ್ಲಿ ಲಾಗಿನ್ ಆಗಿ ಕನ್ನಡ ಆರಿಸಿದರೆ, ಅನುವಾದವಾಗದ ಸಾಲುಗಳು ಸಿಗುತ್ತವೆ. ನೀವು ಬರೆದದ್ದು ಮೊದಲು ಸಲಹೆಯಾಗಿ ಉಳಿಯುತ್ತದೆ. ಅನುಭವಿ ಅನುವಾದಕರು ಒಪ್ಪಿದ ಮೇಲೆ ಬ್ರೌಸರ್‌ಗೆ ಸೇರುತ್ತದೆ.

ಸುಮ್ನೆ ಪದಕ್ಕೆ ಪದ ಇಡಬೇಡಿ, ಸಾಲು ಎಲ್ಲಿ ಬರುತ್ತದೆ ನೋಡಿ. ‘ಓಪನ್’ ಗುಂಡಿಯ ಮೇಲಿದ್ದರೆ ‘ತೆರೆ’, ಸ್ಥಿತಿ ಹೇಳುತ್ತಿದ್ದರೆ ‘ತೆರೆದಿದೆ’. ಎರಡೂ ಬೇರೆ ಅಲ್ವಾ? ಡಾಲರ್ ಚಿಹ್ನೆಯಿಂದ ಶುರುವಾಗುವ ಹೆಸರುಗಳನ್ನು ಮಾತ್ರ ಅನುವಾದಿಸಬೇಡಿ. ಆ ಜಾಗಕ್ಕೆ ಆಮೇಲೆ ಫೈಲಿನ ಹೆಸರೋ ಸಂಖ್ಯೆಯೋ ಬಂದು ಕೂರುತ್ತದೆ. ನನಗೆ ಜಾಸ್ತಿ ಇಷ್ಟವಾಗುವ ಸವಾಲು ಇದೇ: ಯಾವ ಹೆಸರು ಬರುತ್ತದೋ ಮೊದಲೇ ತಿಳಿಯದು, ವಿಭಕ್ತಿ ಅಂಟಿಸುವುದು ಹೇಗೆ? ಹೆಸರು ಬರುವ ಜಾಗದ ನಂತರ ‘ಎಂಬ ಫೈಲನ್ನು’ ಎಂದು ಬರೆದರೆ ಯಾವ ಹೆಸರಿಗೂ ಹೊಂದುತ್ತದೆ.