ಮಕ್ಕಳನ್ನು ಮನೆಯಲ್ಲೇ ಓದಿಸುವವರಿಗೆ ದಿನನಿತ್ಯ ಎದುರಾಗುವ ತೊಡಕುಗಳೇನು?

ಎರಡನೇ ತರಗತಿಯ ಮಗನನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸಬೇಕೆಂದಿರುವ ತಾವು, ಇದರಲ್ಲಿ ದಿನನಿತ್ಯ ಏನೇನು ಕಷ್ಟಗಳಿವೆ ಎಂದು ಕೇಳಿದ್ದೀರಿ. ಚಿಕ್ಕಬಳ್ಳಾಪುರದಲ್ಲಿರುವ ನಾನು ನನ್ನ ಇಬ್ಬರು ಮಕ್ಕಳಿಗೆ ಕೆಲವು ವರ್ಷಗಳಿಂದ ಮನೆಯಲ್ಲೇ ಪಾಠ ಹೇಳುತ್ತಿದ್ದೇನೆ. ಮಗಳಿಗೆ ಈಗ ಹದಿಮೂರು, ಮಗನಿಗೆ ಒಂಬತ್ತು. ನನ್ನ ಮಟ್ಟಿಗೆ ಪಾಠ ಹೇಳುವುದೇ ಇದರಲ್ಲಿ ಸುಲಭದ ಕೆಲಸ. ಹೊತ್ತಿಗೆ ಸರಿಯಾಗಿ ಕೂರಿಸುವುದು, ಜೊತೆಗಾರರನ್ನು ಒದಗಿಸುವುದು, ಬರೆಸಿ ತಿದ್ದುವುದು, ದಾಖಲೆ ಇಡುವುದು ಮುಂತಾಗಿ ಶಾಲೆಯು ನಮ್ಮ ಗಮನಕ್ಕೇ ಬಾರದಂತೆ ಮಾಡಿಕೊಂಡು ಹೋಗುವ ಕೆಲಸಗಳೆಲ್ಲ ಮನೆಯಲ್ಲಿ ಒಬ್ಬರ ತಲೆಯ ಮೇಲೆ ಬೀಳುತ್ತವೆ, ಮತ್ತು ಆ ಒಬ್ಬರು ಬಹುಪಾಲು ತಾಯಿಯೇ ಆಗಿರುತ್ತಾರೆ.

ನಮ್ಮ ಯಜಮಾನರು ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು. ಒಂಬತ್ತೂವರೆಗೆ ಗಣಿತಕ್ಕೆ ಕೂರಬೇಕೆಂಬುದು ಮನೆಯ ನಿಯಮ. ಸರಿಯಾಗಿ ಅದೇ ಹೊತ್ತಿಗೆ ನಲ್ಲಿಯಲ್ಲಿ ನೀರು ಬರುತ್ತದೆ, ಇಲ್ಲವೇ ಸಿಲಿಂಡರಿನವನು ಕೂಗುತ್ತಾನೆ, ಇಲ್ಲವೇ ಪಕ್ಕದ ಮನೆಯವರು "ಮಕ್ಕಳು ಮನೇಲೇ ಇದ್ದಾರಲ್ಲ, ಒಂದು ಪ್ಯಾಕೆಟ್ ಹಾಲು ತಂದುಕೊಡಲಿ" ಎಂದು ಬಾಗಿಲಿಗೆ ಬರುತ್ತಾರೆ. ಶಾಲೆಗೆ ಹೋಗಿರುವ ಮಗುವನ್ನು ಯಾರೂ ಹಾಲಿಗೆ ಕಳುಹಿಸುವುದಿಲ್ಲ. ಮಗನಿಗೆ ಭಿನ್ನರಾಶಿ ಬಿಡಿಸಿ ತೋರಿಸುವಷ್ಟರಲ್ಲಿ ಮಗಳು ಬೀಜಗಣಿತದಲ್ಲಿ ಸಿಕ್ಕಿಕೊಂಡು ಕಾಯುತ್ತಿರುತ್ತಾಳೆ. ಅವಳ ಕಡೆ ತಿರುಗಿದರೆ ಇವನು ಎದ್ದು ಹೋಗಿರುತ್ತಾನೆ. ಪಾಠದ ವಿಡಿಯೊ ನೋಡಲೆಂದು ಕೊಟ್ಟ ಮೊಬೈಲು ಆಟಕ್ಕೆ ತಿರುಗುವುದನ್ನು ಬೇರೆ ಹೇಳಬೇಕಿಲ್ಲ.

ಅದಕ್ಕಿಂತ ಹೆಚ್ಚು ಸುಸ್ತು ಮಾಡುವುದು ಬರವಣಿಗೆ. ಗಡಿಭಾಗದ ಅನೇಕ ಮನೆಗಳಂತೆ ನಮ್ಮ ಮನೆಯಲ್ಲೂ ಆಡುವ ಮಾತು ತೆಲುಗು, ಬೀದಿಯಲ್ಲಿ ಕನ್ನಡ, ಪುಸ್ತಕ ಇಂಗ್ಲಿಷು. ಒತ್ತಕ್ಷರ, ದೀರ್ಘ, ಅಲ್ಪಪ್ರಾಣ ಮಹಾಪ್ರಾಣಗಳು ಕೈಗೆ ಹತ್ತಬೇಕಾದರೆ ದಿನವೂ ಉಕ್ತಲೇಖನ ಬರೆಸಲೇಬೇಕು. ಅದನ್ನು ಟೀಚರ್ ಹೇಳಿದರೆ ನಿಯಮ, ಅಮ್ಮ ಹೇಳಿದರೆ ಜಗಳ. ತಿದ್ದಿದ ಪುಟವನ್ನು ಕಂಡು ಅಳುವ ಮಗುವಿಗೆ ಅರ್ಧ ಗಂಟೆಯೊಳಗೆ ಅದೇ ಕೈಯಿಂದ ಊಟ ಬಡಿಸಿ, ಏನೂ ನಡೆದಿಲ್ಲವೆಂಬಂತೆ ಮಾತನಾಡಿಸುವುದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಶಿಡ್ಲಘಟ್ಟದ ಕಡೆಯ ನಮ್ಮ ನೆಂಟರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಾಗ ಸೊಪ್ಪು ಹಾಕಬಾರದೆಂಬುದು, ನಾಲ್ಕು ಜ್ವರ ಕಳೆದು ಹಣ್ಣಾದ ಮೇಲೆ ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಡಬೇಕೆಂಬುದು ನನ್ನ ಮಗಳಿಗೆ ಬಾಯಲ್ಲೇ ಇದೆ, ಆದರೆ ಅದನ್ನೇ ಹತ್ತು ಸಾಲು ಬರೆದುಕೊಡು ಎಂದರೆ ಅವಳು ಮುಖ ತಿರುಗಿಸುತ್ತಾಳೆ. ಬರೆಯದೆ ಬಿಟ್ಟರೆ ಮುಂದೆ ಪರೀಕ್ಷೆಯ ಗತಿಯೇನು ಎಂಬ ಅಳುಕು, ಬಲವಂತ ಮಾಡಿದರೆ ಶಾಲೆ ಬಿಡಿಸಿದ ಉದ್ದೇಶವೇ ಹೋಯಿತಲ್ಲ ಎಂಬ ಬೇಸರ. ಇವೆರಡರ ನಡುವೆ ನನಗೆ ಇನ್ನೂ ನೆಮ್ಮದಿಯ ದಾರಿ ಸಿಕ್ಕಿಲ್ಲ.

ಜೊತೆಗಾರರ ವಿಷಯದಲ್ಲಿ ಜನ ಹೇಳುವ ಆಕ್ಷೇಪಣೆ ಅರ್ಧ ನಿಜ. ಬೀದಿಯಲ್ಲಿ ಮಕ್ಕಳಿಗೇನೂ ಕೊರತೆಯಿಲ್ಲ, ಆದರೆ ಅವರು ಶಾಲೆ ಮುಗಿಸಿ ಟ್ಯೂಷನ್‌ಗೆ ಹೋಗಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಹೀಗಾಗಿ ಭಾನುವಾರವೊಂದೇ ಆಟದ ದಿನ, ಅಂದು ನೆಂಟರು ಬರುವುದೂ ಉಂಟು. "ವಿಶ್ವೇಶ್ವರಯ್ಯನವರೇ ಈ ಊರಿನ ಶಾಲೆಯಲ್ಲಿ ಓದಿದವರು, ನಿನ್ನ ಮಕ್ಕಳಿಗೇನು ಬಂತು?" ಎಂದು ನಮ್ಮ ಸೋದರಮಾವ ಬಂದಾಗಲೆಲ್ಲ ಕೇಳುತ್ತಾರೆ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಪಕ್ಕದಲ್ಲೇ ಇರುವ ಊರಿನಲ್ಲಿ ಈ ಮಾತಿಗೆ ಎದುರಾಡುವುದು ಕಷ್ಟ.

ಕಾನೂನಿನ ಅಳುಕೂ ಇದರ ಜೊತೆಗೇ ಇರುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. ಆದರೆ ಸೇರಿಸದ ಪೋಷಕರಿಗೆ ಶಿಕ್ಷೆಯನ್ನು ಹೇಳಿಲ್ಲ, ಮನೆಶಿಕ್ಷಣದ ಪ್ರಸ್ತಾಪವೂ ಅದರಲ್ಲಿಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಲೆಕ್ಕಕ್ಕೆ ಶಿಕ್ಷಕರು ಮನೆಗೆ ಬಂದರೆ ಮಕ್ಕಳ ಬರಹದ ಪುಸ್ತಕಗಳನ್ನು ತೋರಿಸಿ, ಸಮಾಧಾನದಿಂದ ವಿವರಿಸಬೇಕಾಗುತ್ತದೆ. ಅವರು ತಮ್ಮ ಕೆಲಸ ಮಾಡುತ್ತಿರುತ್ತಾರೆ, ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ಹತ್ತನೇ ತರಗತಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ ದಾರಿಯಿದೆ. ಅದಕ್ಕೆ 14 ವರ್ಷ ತುಂಬಿರಬೇಕು. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ವರ್ಷಕ್ಕೆ ಎರಡು ಬಾರಿ ಸಾರ್ವಜನಿಕ ಪರೀಕ್ಷೆ ನಡೆಯುತ್ತದೆ, ಒಮ್ಮೆ ನೋಂದಾಯಿಸಿದರೆ 5 ವರ್ಷಗಳೊಳಗೆ ವಿಷಯಗಳನ್ನು ಬಿಡಿಬಿಡಿಯಾಗಿ ಮುಗಿಸಬಹುದು. ನಮ್ಮ ಮಗಳಿಗೆ ಈ ದಾರಿಯನ್ನೇ ಯೋಚಿಸಿದ್ದೇವೆ.

ತಮ್ಮ ಮಗನಿಗೆ ಪರೀಕ್ಷೆ ಇನ್ನೂ ದೂರ. ಬಿಡಿಸುವುದಾದರೆ ವರ್ಗಾವಣೆ ಪತ್ರವನ್ನೂ ಈವರೆಗಿನ ಅಂಕಪಟ್ಟಿಗಳನ್ನೂ ಮೊದಲು ಕೈಗೆ ಪಡೆದುಕೊಳ್ಳಿ. ಹೊಂದಿಕೆಯಾಗದಿದ್ದರೆ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಮರಳಿ ಸೇರಿಸಲು ಅವಕಾಶವಿದೆ. ಅದಕ್ಕೂ ಮೊದಲು, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಮಗನ ಜೊತೆ ಯಾರು ಕೂರುತ್ತಾರೆ, ಅಷ್ಟು ಹೊತ್ತು ಅವರ ಮನೆಕೆಲಸವನ್ನು ಯಾರು ಹಂಚಿಕೊಳ್ಳುತ್ತಾರೆ ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಕೂತು ತೀರ್ಮಾನಿಸಿಕೊಳ್ಳಿ. ನಮ್ಮ ಮನೆಯಲ್ಲಿ ಈಗ ಭಾನುವಾರದ ಅಡುಗೆ ಯಜಮಾನರದು, ಶನಿವಾರ ಸಂಜೆಯ ವಿಜ್ಞಾನದ ಪಾಠವೂ ಅವರದೇ.