ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರಾಗಿದ್ದವರ ಹೆಸರು ಹುಡುಕಲು ತೋಟದ ಮಾಲೀಕರ ಮನೆತನದ ದಾಖಲೆಗಳನ್ನೇ ಯಾಕೆ ನೋಡಬೇಕು?

ಅವರ ಹೆಸರು ಹೆಚ್ಚಾಗಿ ಉಳಿದಿರುವುದೇ ಆ ದಾಖಲೆಗಳಲ್ಲಿ. ಕಾನೂನಿನ ಕಣ್ಣಲ್ಲಿ ಅವರು ಮಾಲೀಕನ ಆಸ್ತಿ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಬರೆದಿರುತ್ತಾರೆ, ಅವರ ಹೆಸರು ಇರುವುದು ತೀರಾ ಅಪರೂಪ. ಆದರೆ ಮಾಲೀಕ ಸತ್ತರೆ ಆಸ್ತಿ ಹಂಚಬೇಕಲ್ವಾ? ಆಗ ಮಾಡಿದ ಪಟ್ಟಿಯಲ್ಲಿ ಹಸು, ನೇಗಿಲು, ಮಂಚದ ಜೊತೆಗೇ ಒಬ್ಬ ತಾಯಿ, ಅವಳ ಕೂಸು, ಇಬ್ಬರ ಹೆಸರು, ಪಕ್ಕದಲ್ಲಿ ಡಾಲರ್ ಲೆಕ್ಕದ ಬೆಲೆ. ಓದುವಾಗ ಹೊಟ್ಟೆ ಕಿವುಚುತ್ತದೆ. ಉಯಿಲು, ಕ್ರಯಪತ್ರ, ಅಡಮಾನ ಪತ್ರಗಳನ್ನೂ ಬಿಡಬೇಡಿ.

ಹುಡುಕಾಟವನ್ನು 1870ರ ಜನಗಣತಿಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ಬಿಡುಗಡೆಯಾದವರನ್ನೆಲ್ಲ ಹೆಸರು ಹಿಡಿದು ಬರೆದ ಮೊದಲ ದೇಶವ್ಯಾಪಿ ಗಣತಿ ಅದು. ಮನೆತನದ ಹೆಸರು ಹಳೇ ಮಾಲೀಕನದ್ದೇ ಅಂದುಕೊಳ್ಳಬೇಡಿ, ಎಷ್ಟೋ ಜನ ಬೇರೆಯದನ್ನೇ ಇಟ್ಟುಕೊಂಡರು.